ಹಿಡಿಕಿ ತಿರುವಿದ್ರ ರೊಟ್ಟಿ ಬಡಿಯೋ ಗೊಂಬಿ ನಡುವ ಸಿಕ್ಕೊಳ್ಳೂದ್ಯಾಕ?

ಪ್ರಶ್ನೆ: ಸರ್, ನಾನು ಗದಗದಾಗ ಬ್ಯಾಂಕ್ ನೌಕರಿ ಮಾಡ್ತೀನ್ರಿ, ರವಿವಾರ ಕಟಗಿ ಕೆಲಸ ಹವ್ಯಾಸ. ಹಿಡಿಕಿ ತಿರುವಿದ್ರ ರೊಟ್ಟಿ ಬಡಿಯೋ ಅವ್ವನ ಗೊಂಬಿ ಮಾಡಾಕ ಕೂತೀನಿ. ಕೆಳಗ ಡಬ್ಬಿ, ಡಬ್ಬಿ ಒಳಗ ಮರದ ಶಾಫ್ಟು, ಶಾಫ್ಟಿಗೆ ಸಾಗವಾನಿ ಕ್ಯಾಮ್ (ಅಂಚಿಗೆ ಉಬ್ಬು ಇರೋ ಗಾಲಿ). ಕ್ಯಾಮ್ 30 ಮಿಲಿಮೀಟರಿಂದು, ಮೂರು ಉಬ್ಬು, ಒಂದೊಂದು ಉಬ್ಬು 6 ಮಿಲಿಮೀಟರ್ ಎತ್ತರ. ಅದರ ಮ್ಯಾಲ ನಿಂತ ಕಡ್ಡಿ ಏರಿ ಕೈ ಎತ್ತಬೇಕು. ಅರ್ಧ ಸುತ್ತು ಚೊಲೋ ತಿರುಗಿ ಗಕ್ಕನ ನಿಂತಬಿಡ್ತೈತಿ, ಮಳಿ ಸುರು ಆದಮ್ಯಾಲಂತೂ ಹಿಡಿಕಿನ ಅಲಗಾಡವಲ್ದು. ನನ್ನ ಹತ್ರ ಲೇತ್ (ಕಟಗಿ ತಿರುಗಿಸಿ ಗುಂಡಗ ಮಾಡೋ ಯಂತ್ರ) ಇಲ್ಲ, ಕೋಪಿಂಗ್ ಸಾ (ತೆಳು ಬ್ಲೇಡಿನ ಕೈ ಗರಗಸ) ಮತ್ತ ಒಂದು ಡ್ರಿಲ್ ಮಷೀನ್ ಅಷ್ಟ. ತಪ್ಪು ಎಲ್ಲಿ ಆಗೈತಿ? ಯಾವ ಕಟಗಿ ಬಳಸಬೇಕು? ರೊಟ್ಟಿನೂ ತಿರುಗೂ ಹಂಗ ಮಾಡಾಕ ಬರ್ತೈತೇನು?

ಉತ್ತರ: ನೋಡ್ರಿ, ನೀವು ಆರಿಸಿಕೊಂಡ ಗೊಂಬಿ ಓದಿನ ನನಗ ಭಾಳ ಖುಷಿ ಆತು. ಕೀಲುಗೊಂಬಿ ಮಾಡಾಕ ಸುರು ಮಾಡೋ ಮಂದಿ ಸಾಮಾನ್ಯ ಹಾರೋ ಹಕ್ಕಿ, ಓಡೋ ಕುದರಿ ಅಂತ ಎಲ್ಲೋ ನೋಡಿದ್ದನ್ನ ಮಾಡ್ತಾರ, ನೀವು ದಿನಾ ಮನ್ಯಾಗ ಕೇಳೋ ತಪ್ ತಪ್ ಸಪ್ಪಳಾನ ಹಿಡದೀರಿ. ನಾನೂ ಇದ ಗೊಂಬಿ ಎರಡು ಸಲ ಮಾಡೀನಿ, ಮೊದಲನೇದು ನಿಮ್ಮದರಂಗನ ಸಿಕ್ಕೊಂಡಿತ್ತು, ಹಂಗಾಗಿ ನಿಮ್ಮ ಡಬ್ಬಿ ಒಳಗ ಏನಾಗಾಕತ್ತೈತಿ ಅಂತ ನನಗ ಕಣ್ಣಿಗೆ ಕಟ್ಟಿದಂಗ ಐತಿ.

ಮೊದಲು ಒಂದು ಮಾತು. ಕಟಗಿ ಕೊರದದ್ದು ತಪ್ಪಾಗೈತಿ ಅಂತ ನೀವು ತಿಳಕೊಂಡಿರಬೇಕು, ಹಂಗಲ್ರಿ. ಕ್ಯಾಮ್ ಸಣ್ಣದಾತು, ಮತ್ತ ಎತ್ತೂ ಕೆಲಸ ಎಲ್ಲಾ ಅದರ ಮ್ಯಾಲನ ಬಿತ್ತು, ಇಷ್ಟ ಸಮಸ್ಯೆ. ಆದ್ರ ನಾನು ಹೇಳಿದೆ ಅಂತ ನಂಬಬ್ಯಾಡ್ರಿ, ಗೊಂಬಿನ ಕೇಳ್ರಿ. ಮ್ಯಾಲಿನ ಕಡ್ಡಿ ತೆಗದು ಪಕ್ಕಕ್ಕ ಇಡ್ರಿ, ಬರೇ ಶಾಫ್ಟು ಕ್ಯಾಮು ಇಟ್ಟು ಹಿಡಿಕಿ ತಿರುವ್ರಿ. ಹಗುರ ತಿರುಗಿದ್ರ ಶಾಫ್ಟಿನ ತಪ್ಪಿಲ್ಲ. ಅಲ್ಲೂ ಬಿಗಿ ಬಂತಂದ್ರ ಎರಡು ಬಾಜೂಕಿನ ಹಲಗಿ ತೂತು ಒಂದಕ್ಕೊಂದು ನೇರ ಇಲ್ಲ, ಇಲ್ಲಾ ಮಳಿ ತಂಪಿಗೆ ಕಟಗಿ ಉಬ್ಬೈತಿ, ಇಲ್ಲಾ ಕ್ಯಾಮ್ ಅಂಟಿಸುವಾಗ ಫೆವಿಕಾಲ್ ಹರದು ತೂತಿನ ಒಳಗ ಹೋಗೈತಿ (ಇದು ಭಾಳ ಮಂದಿಗೆ ಆಗ್ತೈತಿ, ಕಣ್ಣಿಗೆ ಕಾಣೂದಿಲ್ಲ). ಆಮ್ಯಾಲ ಕಡ್ಡಿ ವಾಪಸ್ ಹಾಕಿ ತಿರುವಿ, ನಿಂತ ಜಾಗಾಕ್ಕ ಕ್ಯಾಮಿನ ಮ್ಯಾಲ ಪೆನ್ಸಿಲ್ ಗೆರಿ ಎಳೀರಿ. ಹತ್ತು ಸಲ ಮಾಡ್ರಿ. ಗೆರಿ ಎಲ್ಲಾ ಒಂದ ಉಬ್ಬಿನ ಮ್ಯಾಲ ಬಿದ್ರ ಆ ಉಬ್ಬು ಉಳಿದ ಎರಡಕ್ಕಿಂತ ಕಡಿದು ಐತಿ, ಇಲ್ಲಾ ತೂತು ನಡುಮಧ್ಯ ಬಿದ್ದಿಲ್ಲ. ಮೂರೂ ಉಬ್ಬಿನ ಏರಿನ್ಯಾಗ ಗೆರಿ ಬಿದ್ರ ಅದು ಉಬ್ಬಿನ ತಪ್ಪಲ್ಲ, ಏರೇ ಜಾಸ್ತಿ ಆಗೈತಿ ಅಂತ ಅರ್ಥ. ನನಗ ಅನಸೂದು ಮೂರರಾಗೂ ಬೀಳ್ತಾವ, ಅದರಾಗ ಒಂದು ಮುಂದಾಗಿ ಹಿಡೀತೈತಿ.

ಏರು ಅಂದ್ರ ಹೆಂಗ ಅಂತ ಲೆಕ್ಕ ನೋಡ್ರಿ. ಮೂರು ಉಬ್ಬು ಅಂದ್ರ ಪ್ರತಿ ಉಬ್ಬಿಗೆ 120 ಡಿಗ್ರಿ, ಅದರಾಗ ಏರು 60, ಇಳಿ 60. ನಿಮ್ಮ ಕ್ಯಾಮಿನ ತ್ರಿಜ್ಯ 15 ಮಿಲಿಮೀಟರ್, ಹೊರಗಿನ ಅಂಚು ಹಿಡದ್ರೂ 60 ಡಿಗ್ರಿಗೆ 16 ಮಿಲಿಮೀಟರಿನಷ್ಟ ದಾರಿ ಸಿಗ್ತೈತಿ. 16 ಮಿಲಿಮೀಟರ್ ನಡದು 6 ಮಿಲಿಮೀಟರ್ ಏರಬೇಕು. ಕ್ಯಾಮ್ 60 ಮಿಲಿಮೀಟರಿಂದು ಮಾಡಿದ್ರ ಅದ 60 ಡಿಗ್ರಿಗೆ 31 ಮಿಲಿಮೀಟರ್ ದಾರಿ ಸಿಗ್ತೈತಿ, ಏರೂದು ಮಾತ್ರ ಅಷ್ಟ 6. ಕಪ್ಪತಗುಡ್ಡ ನೇರ ಮೈಮ್ಯಾಲ ಹತ್ತೂದಕ್ಕೂ ಸುತ್ತ ಹಾಕ್ಕೊಂಡು ಹೋಗೋ ದಾರಿ ಹಿಡಿಯೂದಕ್ಕೂ ಇರೋ ಫರಕ ಇದ. ನಡುವಿನ ಭಾಗದಾಗ ಏರು ಸರಾಸರಿಗಿಂತ ಕಡಿದಾಗಿ ಇರ್ತೈತಿ, ಹಂಗಾಗಿ ಸಣ್ಣ ಕ್ಯಾಮಿನ್ಯಾಗ ಅದು 30 ಡಿಗ್ರಿ ದಾಟತೈತಿ. 30 ಡಿಗ್ರಿ ದಾಟಿತಂದ್ರ ಕ್ಯಾಮು ಕಡ್ಡಿನ ಮ್ಯಾಲ ಎತ್ತೂದರ ಜೋಡಿ ಬಾಜೂಕ ನೂಕೂದೂ ಭಾಳ ಆಗ್ತೈತಿ. ನೂಕಿದಾಗ ಕಡ್ಡಿ ಓರೆ ಆಗಿ ತೂತಿನ ಮ್ಯಾಲಿನ ಅಂಚಿಗೆ ಒಂದು ಕಡೆ, ಕೆಳಗಿನ ಅಂಚಿಗೆ ಇನ್ನೊಂದು ಕಡೆ ಹಲ್ಲು ಕಚ್ಚತೈತಿ. ಹಳೇ ಅಲ್ಮಾರಿ ಡ್ರಾವರ್ ಒಂದ ಮೂಲಿ ಹಿಡದು ಎಳದ್ರ ಹೆಂಗ ಸಿಕ್ಕೋತೈತಿ, ಥೇಟ್ ಹಂಗ. ನೀವು ಎಷ್ಟು ಜೋರು ಕೊಡ್ತೀರಿ ಅಷ್ಟು ಗಟ್ಟಿ ಕಚ್ಚತೈತಿ, ಅದಕ್ಕ ಜೋರು ಮಾಡಿ ತಿರುವೂದು ಮದ್ದಲ್ಲ.

ಇದಕ್ಕ ಮೂರು ದಾರಿ ಅದಾವ, ಮೂರೂ ಮಾಡಿದ್ರ ಇನ್ನೂ ಚೊಲೋ. ಒಂದು, ಕ್ಯಾಮ್ ದೊಡ್ಡದು ಮಾಡೂದು, ಹೇಳಿದೆ. ಎರಡನೇದು, ಕಡ್ಡಿ ಹಾದು ಹೋಗೋ ತೂತು 12 ಮಿಲಿಮೀಟರ್ ಹಲಗಿಯಾಗ ಅಷ್ಟ ಇದ್ರ ಸಾಲೂದಿಲ್ಲ, ಕೆಳಗ ಒಂದು ಕಟಗಿ ತುಂಡು ಅಂಟಿಸಿ ತೂತಿನ ಉದ್ದ 40 ಮಿಲಿಮೀಟರ್ ಮಾಡ್ರಿ, ಆಗ ಕಡ್ಡಿ ಓರೆ ಆಗಾಕ ಜಾಗಾನ ಸಿಗೂದಿಲ್ಲ. ಮೂರನೇದು ನನಗ ಎಲ್ಲಕ್ಕಿಂತ ಸೇರೋದು: ಜಾರೋ ಕಡ್ಡಿ ಬಿಟ್ಟಬಿಡ್ರಿ. ಅದರ ಬದಲಿ ಒಂದು ಪಟ್ಟಿ ತಗೊಂಡು ಒಂದು ತುದಿ ಮೊಳಿ ಮ್ಯಾಲ ಕೀಲು ಕೂಡ್ರಸ್ರಿ, ಪಟ್ಟಿಯ ಹೊಟ್ಟಿ ಕ್ಯಾಮಿನ ಮ್ಯಾಲ ಮಲಗಲಿ, ಕ್ಯಾಮ್ ತಾಗೋ ಜಾಗಾದ ನೇರಕ್ಕ ಪಟ್ಟಿಯಿಂದ ತಂತಿ ಮ್ಯಾಲ ಹೋಗಲಿ. ನಿಮ್ಮ ಊರಿನ ಬೆಟಗೇರಿಯಾಗ ಕೈಮಗ್ಗ ನೋಡಿದ್ರ ಕಾಲಾಗ ತುಳಿಯೋ ಪಟ್ಟಿ ಇರ್ತಾವಲ್ರಿ, ಒಂದು ಕಡೆ ಕೀಲು, ನಡುವ ಕಾಲು, ಅದನ್ನ ತಿರುವಿ ಹಾಕಿದಂಗ ಇದು. ಇಲ್ಲಿ ಜಾರೂದಕ್ಕ ಏನೂ ಇಲ್ಲ, ಕೀಲಿನ ಮ್ಯಾಲ ತೂಗತೈತಿ ಅಷ್ಟ. ಬಾಜೂಕ ನೂಕಿದ್ರೂ ಆ ನೂಕು ಕೀಲಿಗೆ ಹೋಗ್ತೈತಿ, ತೂತಿಗೆ ಅಲ್ಲ. ಪವರ್‌ಲೂಮಿನ್ಯಾಗೂ ಲಾಳಿ ಹೊಡಿಯೋ ಕೋಲಿಗೆ ಪೆಟ್ಟು ಕೊಡೂದು ಕ್ಯಾಮ್‌ನ, ಹೊಲಿಗಿ ಮಷೀನಿನ್ಯಾಗ ಸೂಜಿ ಮ್ಯಾಲ ದಾರ ಎಳಿಯೋ ಕೊಕ್ಕಿನೂ ಕ್ಯಾಮಿನಿಂದ ಆಡೂದು. ಬೆಟಗೇರಿ ಓಣ್ಯಾಗ ಒಂದು ತಾಸು ಅಡ್ಡಾಡಿ ಬರ್ರಿ, ಪುಸ್ತಕದಾಗ ಸಿಗೋದಕ್ಕಿಂತ ಜಾಸ್ತಿ ಅಲ್ಲಿ ಕಣ್ಣಿಗೆ ಸಿಗ್ತೈತಿ.

ಇನ್ನ 6 ಮಿಲಿಮೀಟರ್ ಉಬ್ಬು ಬೇಕಾ ಅನ್ನೂದು. ಬ್ಯಾಡ್ರಿ. ಕೈ ಎತ್ತರ ಎತ್ತೂ ಕೆಲಸ ಕ್ಯಾಮಿಗೆ ಹಾಕಬ್ಯಾಡ್ರಿ, ತೋಳಿಗೆ ಹಾಕ್ರಿ. ಅವ್ವನ ತೋಳು ಭುಜದ ಕೀಲಿನಿಂದ ಅಂಗೈತನಕ 48 ಮಿಲಿಮೀಟರ್ ಐತಿ ಅಂತ ಇಟ್ಕೊಳ್ರಿ, ತಂತಿನ ಭುಜದ ಕೀಲಿನಿಂದ 12 ಮಿಲಿಮೀಟರ್ ದೂರದಾಗ ಸಿಗಸ್ರಿ. ಈಗ ತಂತಿ 4 ಮಿಲಿಮೀಟರ್ ಏರಿದ್ರ ಅಂಗೈ 16 ಮಿಲಿಮೀಟರ್ ಏರ್ತೈತಿ, ಅಷ್ಟು ಸಾಕು, ನಮ್ಮ ಅವ್ವಂದಿರು ರೊಟ್ಟಿ ಬಡಿಯುವಾಗ ಕೈ ಆಕಾಶಕ್ಕ ಎತ್ತೂದಿಲ್ಲ. ಉಬ್ಬು 4 ಮಿಲಿಮೀಟರ್, ಕ್ಯಾಮ್ 60 ಮಿಲಿಮೀಟರ್, ಹಿಂಗ ಮಾಡಿದ್ರ ಏರು ಎಷ್ಟು ಸಪಾಟ ಆಗ್ತೈತಿ ನೀವ ಲೆಕ್ಕ ಹಾಕ್ರಿ. ಒಂದು ಎಚ್ಚರಿಕಿ ಮಾತ್ರ: ನಾಕು ಪಟ್ಟು ಜಾಸ್ತಿ ಆಗೂದು ಬರೇ ಏರೂದಲ್ಲ, ಸಡಲೂ ನಾಕು ಪಟ್ಟು ಆಗ್ತೈತಿ. ತಂತಿ ಸಿಗಿಸಿದ ತೂತು ಅರ್ಧ ಮಿಲಿಮೀಟರ್ ಸಡ್ಲ ಇದ್ರ ಅಂಗೈ 2 ಮಿಲಿಮೀಟರ್ ಲಟಪಟ ಅಂತೈತಿ. ಅದಕ್ಕ ಆ ಒಂದು ತೂತು ಮಾತ್ರ ತಂತಿ ಅಳತಿಗೆ ಸರಿಯಾಗಿ ಕೊರೀರಿ.

ತಂತಿಗೆ ಸೈಕಲ್ ಸ್ಪೋಕ್ ತಗೋರಿ. 2 ಮಿಲಿಮೀಟರ್ ದಪ್ಪ, ನೇರ ಇರ್ತೈತಿ, ತುಕ್ಕು ಲಗೂನ ಹಿಡಿಯೂದಿಲ್ಲ, ಪಕ್ಕಡದಾಗ ಬಾಗತೈತಿ ಆದ್ರ ಹಂಗ ಸೊಟ್ಟ ಆಗೂದಿಲ್ಲ, ಸೈಕಲ್ ಅಂಗಡಿಯಾಗ ಹಳೇವು ಕೇಳಿದ್ರ ಹಂಗ ಕೊಡ್ತಾರ. ಕೀಲುಗೊಂಬಿ ಕೆಲಸಕ್ಕ ಇದರಂಥ ಸಾಮಾನು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಈಗ ಮಳಿ ವಿಷಯ. ಕಟಗಿ ತಂಪು ಕುಡದು ಉಬ್ಬೂದು ಅಡ್ಡ, ಉದ್ದಕ್ಕ ಉಬ್ಬೂದು ಇಲ್ಲಂದ್ರೂ ನಡೀತೈತಿ. 50 ಮಿಲಿಮೀಟರ್ ಅಗಲದ ಹಲಗಿ ಬ್ಯಾಸಗಿಯಿಂದ ಮಳಿಗಾಲಕ್ಕ ಅರ್ಧ ಮಿಲಿಮೀಟರ್ ಮ್ಯಾಲ ಕೆಳಗ ಆಗೂದು ಸಹಜ. ಮರದ ಶಾಫ್ಟು ಉಬ್ಬಿದಾಗ ಗುಂಡಗ ಉಳಿಯೂದಿಲ್ಲ, ಒಂದು ದಿಕ್ಕಿಗೆ ಜಾಸ್ತಿ ಇನ್ನೊಂದಕ್ಕ ಕಡಿಮಿ ಉಬ್ಬಿ ತತ್ತಿ ಆಕಾರ ಆಗ್ತೈತಿ, ಗುಂಡನ ತೂತಿನ್ಯಾಗ ತತ್ತಿ ಹೆಂಗ ತಿರುಗಬೇಕ್ರಿ. ನಿಮ್ಮ ಗದಗ ಒಣ ಸೀಮಿ ಆದ್ರೂ ಇಷ್ಟಾಗೈತಿ, ನಾವಿರೋ ಧಾರವಾಡ ಮಲೆನಾಡಿನ ಸೆರಗು, ಜುಲೈ ಬಂತಂದ್ರ ಜಿಟಿಜಿಟಿ ಹಿಡದು ಬಾಗಲ ಸೈತ ಮುಚ್ಚೂದಿಲ್ಲ. ಹಂಗಾಗಿ ನಾನು ಶಾಫ್ಟು ಕಟಗಿಯಿಂದ ಮಾಡೂದು ಬಿಟ್ಟು ವರ್ಷ ಆದುವು. 6 ಮಿಲಿಮೀಟರ್ ಎಂ.ಎಸ್. (ಮೈಲ್ಡ್ ಸ್ಟೀಲ್) ರಾಡ್ ಹಾರ್ಡ್‌ವೇರ್ ಅಂಗಡಿಯಾಗ ಸಿಗ್ತೈತಿ, ಒಂದು ಫೂಟು ಕತ್ತರಿಸಿಕೊಂಡು ಬರ್ರಿ, ತುದಿ ಅರದಿಂದ ತಿಕ್ಕಿ ನುಣ್ಣಗ ಮಾಡ್ರಿ. ಇಲ್ಲ, ನನಗ ಪೂರಾ ಕಟಗಿಯಿಂದನ ಆಗಬೇಕು ಅಂದ್ರ ಅದೂ ಚೊಲೋ, 8 ಮಿಲಿಮೀಟರ್ ಶಾಫ್ಟಿಗೆ 8.5 ತೂತು ಹಾಕ್ರಿ, ಮತ್ತ ಮೇಣ ತಿಕ್ರಿ. ಎಣ್ಣಿ ಮಾತ್ರ ಹಾಕಬ್ಯಾಡ್ರಿ, ಅದು ಧೂಳು ಹಿಡದು ಅಂಟಾಗ್ತೈತಿ. ಮನ್ಯಾಗಿನ ಮೇಣಬತ್ತಿ ಸಾಕು, ಕ್ಯಾಮಿನ ಅಂಚು, ತೂತಿನ ಒಳಗ, ಪಟ್ಟಿ ಹೊಟ್ಟಿಗೆ ತಿಕ್ಕಿ ಅರಬಿಯಿಂದ ಒರಸ್ರಿ. ಪೆನ್ಸಿಲ್ ಸೀಸದ ಪುಡಿನೂ ನಡೀತೈತಿ, ಆದ್ರ ಕೈ ಬಟ್ಟಿ ಎಲ್ಲಾ ಕರ್ರಗಾಗ್ತಾವ.

ತೂತು ಕೊರಿಯುವಾಗ ಎರಡು ಬಾಜೂಕಿನ ಹಲಗಿ ಒಂದರ ಮ್ಯಾಲ ಒಂದು ಇಟ್ಟು ಕ್ಲ್ಯಾಂಪ್ ಹಾಕಿ ಒಂದ ಏಟಿಗೆ ಎರಡೂ ಕೊರೀರಿ. ಬ್ಯಾರೆ ಬ್ಯಾರೆ ಅಳದು ಕೊರದ್ರ ಕೈ ಡ್ರಿಲ್ಲಿನ್ಯಾಗ ಒಂದು ಮಿಲಿಮೀಟರ್ ಆ ಕಡೆ ಈ ಕಡೆ ಆಗೇ ಆಗ್ತೈತಿ. ಹಲಗಿಗೆ ಗುರ್ತು ಮಾಡ್ಕೊಳ್ರಿ, ಯಾವ ಮೈ ಒಳಗ ಇತ್ತು ಅದ ಮೈ ಒಳಗ ಬರಬೇಕು.

ಕಟಗಿ ಯಾವುದು ಅಂತ ಕೇಳೀರಿ. ಡಬ್ಬಿಗೆ ಸಾಗವಾನಿನ ಆಗಬೇಕು ಅಂತ ಇಲ್ಲ, ಆದ್ರ ಹಳೇ ಮನಿ ಬಿಚ್ಚಿದ ತೊಲಿ, ಚೌಕಟ್ಟಿನ ಸಾಗವಾನಿ ಸಿಕ್ರ ಬಿಡಬ್ಯಾಡ್ರಿ, ಮೂವತ್ತು ನಲವತ್ತು ವರ್ಷ ಬಿಸಲು ಮಳಿ ಉಂಡ ಕಟಗಿ ಹೊಸಾದರಂಗ ಹೊಳ್ಳೂದಿಲ್ಲ. ಬಡಿಗ್ಯಾರ ಹತ್ರ ಬಾಗಲ ಕಿಡಕಿ ಮಾಡಿ ಉಳಿದ ತುಂಡು ಚೀಲಗಟ್ಟಲೆ ಬಿದ್ದಿರ್ತಾವ, ನಾನು ಹುಬ್ಬಳ್ಳಿಗೆ ಹೋದಾಗೆಲ್ಲಾ ಒಂದು ಚೀಲ ಹೊತ್ಕೊಂಡು ಬರ್ತೀನಿ. ಗೊಂಬಿ ಮೈ, ತೋಳು, ತಲಿಗೆ ಹಗುರ ಕಟಗಿ ಬೇಕು, ಶಿವನಿ ಸಿಕ್ರ ಅತ್ಯುತ್ತಮ, ಉಳಿ ಮಾತು ಕೇಳ್ತೈತಿ, ಸೊಟ್ಟ ಆಗೂದು ಕಡಿಮಿ. ಚನ್ನಪಟ್ಟಣದವರು ಆಲೆ ಮರ ಬಳಸ್ತಾರ, ಅದು ಬಿಳಿ ನುಣುಪು, ಲೇತಿಗೆ ಹೇಳಿ ಮಾಡಿಸಿದ್ದು, ಆದ್ರ ನಮ್ಮ ಕಡೆ ಹುಡುಕೂದು ಕಷ್ಟ. ನಿಮಗ ಇನ್ನೂ ಹತ್ರದ್ದು ಕಿನ್ನಾಳ, ಗದಗಿನಿಂದ ರೈಲು ಹತ್ತಿದ್ರ ಕೊಪ್ಪಳ, ಅಲ್ಲಿಂದ ಮಗ್ಗಲದಾಗ. ಕಿನ್ನಾಳದ ಚಿತ್ರಗಾರರು ಹಗುರ ಕಟಗಿ ಮೈ ಮಾಡಿ, ಹುಣಸಿ ಬೀಜದ ಅಂಟಿನ್ಯಾಗ ಪುಡಿ ಕಲಸಿ ಅದರ ಮ್ಯಾಲ ಮೆತ್ತಿ, ವಡವಿ ಎತ್ತಿ ಕಟ್ಟತಾರ. ನಿಮ್ಮ ಅವ್ವನ ಮುಖ ಉಳಿಯಿಂದ ಕೆತ್ತಾಕ ಕೈ ಬರದಿದ್ರ ಈ ದಾರಿ ಹಿಡೀರಿ, ಕೆತ್ತೂದಕ್ಕಿಂತ ಕಟ್ಟೂದು ಸಸಾರ, ತಪ್ಪಾದ್ರ ಒರಸಿ ಮತ್ತ ಕಟ್ಟಬಹುದು.

ಕ್ಯಾಮಿಗೆ ಮಾತ್ರ ಗಟ್ಟಿ ಸಾಗವಾನಿನೂ ಬ್ಯಾಡ, ಬ್ಯಾರೆ ಯಾವ ಇಡೀ ಕಟಗಿನೂ ಬ್ಯಾಡ. 9 ಇಲ್ಲಾ 12 ಮಿಲಿಮೀಟರ್ ಪ್ಲೈವುಡ್ ತಗೋರಿ. ಕಾರಣ ಏನಂದ್ರ ಇಡೀ ಕಟಗಿಯ ಎಳಿ ಒಂದ ದಿಕ್ಕಿಗೆ ಓಡ್ತಾವ, ಮೂರು ಉಬ್ಬಿನ್ಯಾಗ ಒಂದಾದ್ರೂ ಎಳಿಗೆ ಅಡ್ಡ ಬೀಳ್ತೈತಿ, ಆ ಉಬ್ಬಿನ ತುದಿ ಒಂದಿನ ಟಪ್ಪಂತ ಹಾರಿ ಹೋಗ್ತೈತಿ. ನನ್ನ ಮೊದಲನೇ ಗೊಂಬಿ ಹಂಗ ಹೋತು. ಒಂದು ಸಾಲಿ ಪ್ರದರ್ಶನಕ್ಕ ಇಟ್ಟಿದ್ದೆ, ಮಕ್ಕಳು ಸಾಲಾಗಿ ನಿಂತು ತಿರುವಾಕತ್ತಿದ್ರು, ಒಬ್ಬ ಸಣ್ಣ ಹುಡುಗ ಉಲ್ಟಾ ತಿರುವಿದ. ಆ ಕ್ಯಾಮು ಒಂದು ಕಡೆ ನಿಧಾನ ಏರಿ ಇನ್ನೊಂದು ಕಡೆ ಗಕ್ಕನ ಬೀಳೂ ಹಂಗ ಮಾಡಿದ್ದೆ, ಸಪ್ಪಳ ಚೊಲೋ ಬರಲಿ ಅಂತ. ಉಲ್ಟಾ ತಿರುಗಿದಾಗ ಪಟ್ಟಿಗೆ ಗ್ವಾಡಿ ಅಡ್ಡ ಬಂದಂಗ ಆಗಿ ಉಬ್ಬು ಮುರದು ಡಬ್ಬಿ ಒಳಗ ಬಿತ್ತು, ಹುಡುಗ ತಾನು ಮುರದೆ ಅಂತ ಅಳಾಕತ್ತ. ಅವನ ತಪ್ಪು ಏನೂ ಇರಲಿಲ್ಲ, ಹಿಡಿಕಿ ಅಂದ ಮ್ಯಾಲ ಎರಡೂ ಕಡೆ ತಿರುಗತೈತಿ, ಅದನ್ನ ತಾಳಕೊಳ್ಳೂ ಹಂಗ ನಾನು ಮಾಡಬೇಕಿತ್ತು. ಅವತ್ತಿನಿಂದ ಎರಡೂ ಕಡೆ ಒಂದ ಥರ ಏರು ಇಳಿ ಇರೋ ಉಬ್ಬು ಮಾಡ್ತೀನಿ. ಗಕ್ಕನ ಬೀಳೂದು ಬೇಕ ಬೇಕು ಅಂದ್ರ ಶಾಫ್ಟಿಗೆ ಒಂದು ಹಲ್ಲಿನ ಗಾಲಿ ಹಾಕಿ, ಮ್ಯಾಲ ಬಿದಿರಿನ ತೆಳು ಸೀಳು ಕೂಡ್ರಸ್ರಿ, ಉಲ್ಟಾ ತಿರುಗಾಕ ಅದು ಬಿಡೂದಿಲ್ಲ, ಟಿಕ್ ಟಿಕ್ ಸಪ್ಪಳನೂ ಬರ್ತೈತಿ.

ಪ್ಲೈವುಡ್ ಕ್ಯಾಮು ಶಾಫ್ಟಿಗೆ ಬರೇ ಅಂಟಿನ್ಯಾಗ ನಿಲ್ಲೂದಿಲ್ಲ, ಕಬ್ಬಿಣದ ರಾಡ್ ಇದ್ರಂತೂ ನಿಲ್ಲೂದ ಇಲ್ಲ. ಕ್ಯಾಮಿನ ಬಾಜೂಕ ಒಂದು ಸಣ್ಣ ಗುಂಡನ ಕಟಗಿ ತುಂಡು ಅಂಟಿಸಿ, ಅದರ ಮೂಲಕ ರಾಡಿಗೆ ಅಡ್ಡ 2 ಮಿಲಿಮೀಟರ್ ತೂತು ಕೊರದು ಅದ ಸ್ಪೋಕಿನ ತುಂಡು ಬಡೀರಿ. ತೆಗಿಯಾಕ ಬರ್ತೈತಿ, ತಿರುಗಿ ಹಾಕಾಕ ಬರ್ತೈತಿ. ಅಂಟು ಕೊನೀಗೆ, ಎಲ್ಲಾ ಸರಿ ಆದಮ್ಯಾಲ.

ರೊಟ್ಟಿ ತಿರುಗೂದು ಹೆಂಗ ಅನ್ನೂದು ನಿಮ್ಮ ಪ್ರಶ್ನೆಯಾಗ ನನಗ ಎಲ್ಲಕ್ಕಿಂತ ಸೇರಿದ ಭಾಗ. ಮೊದಲು ಅಡಗಿ ಮನಿಗೆ ಹೋಗಿ ಹತ್ತು ನಿಮಿಷ ಸುಮ್ಮ ಕೂತು ನೋಡ್ರಿ, ಅವ್ವ ಬಡಿಯೂದು ನೋಡೇ ನೋಡೀರಿ, ಆದ್ರ ಲೆಕ್ಕ ಹಾಕಿ ನೋಡಿರೂದಿಲ್ಲ. ನಾನು ನಮ್ಮ ಮನ್ಯಾಗ ಕೂತು ಎಣಿಸಿದೆ. ಬಲಗೈ ಬಡೀತೈತಿ, ಎಡಗೈ ಅಂಚಿಗೆ ತಾಗಿ ಇರ್ತೈತಿ, ಪ್ರತಿ ಪೆಟ್ಟಿಗೂ ರೊಟ್ಟಿ ಒಂಚೂರು ಸರೀತೈತಿ, ನಿಂತು ನಿಂತು ತಿರುಗೂದಿಲ್ಲ, ಹರಿಯೋ ನೀರಿನಂಗ ತಿರುಗತೈತಿ. ಅಂದ್ರ ನಮಗ ಬೇಕಾದ್ದು ಹಲ್ಲಿನ ಗಾಲಿ ಅಲ್ಲ, ತಿಕ್ಕಾಟದಿಂದ ತಿರುಗೋ ಗಾಲಿ.

ಹಿಂಗ ಮಾಡ್ರಿ. ಅವ್ವ ಡಬ್ಬಿ ಮ್ಯಾಲ ಬಾಜೂಕ ಮುಖ ಮಾಡಿ ಕೂಡ್ರಲಿ, ಎಡಕ್ಕ ಅವ್ವ, ಬಲಕ್ಕ ರೊಟ್ಟಿ, ಶಾಫ್ಟು ಎಡದಿಂದ ಬಲಕ್ಕ, ಹಿಡಿಕಿ ಬಲಗಡೆ. ರೊಟ್ಟಿ ಅಂದ್ರ ಒಂದು ಗುಂಡನ ತಟ್ಟಿ, ಅದರ ನಡುವಿನಿಂದ ಕೆಳಗ ಒಂದು ಕಡ್ಡಿ ಡಬ್ಬಿ ಒಳಗ ಇಳೀಲಿ, ಕಡ್ಡಿಯ ಬುಡಕ್ಕ 70 ಮಿಲಿಮೀಟರಿನ ಇನ್ನೊಂದು ತಟ್ಟಿ ಅಡ್ಡಕ್ಕ ಕೂಡ್ರಸ್ರಿ. ಶಾಫ್ಟಿನ ಮ್ಯಾಲ 20 ಮಿಲಿಮೀಟರಿನ ಸಣ್ಣ ಗಾಲಿ, ಅದು ಈ ತಟ್ಟಿಯ ಹೊಟ್ಟಿಗೆ ನಡುವಿನಿಂದ 30 ಮಿಲಿಮೀಟರ್ ಬಲಕ್ಕ ತಾಗಬೇಕು. ಗಾಲಿ ತ್ರಿಜ್ಯ 10, ತಾಗೋ ದೂರ 30, ಹಂಗಾಗಿ ಹಿಡಿಕಿ ಮೂರು ಸುತ್ತಿದ್ರ ರೊಟ್ಟಿ ಒಂದು ಸುತ್ತು. ಹಿಡಿಕಿ ಒಂದು ಸುತ್ತಿಗೆ ಮೂರು ಪೆಟ್ಟು, ಅಂದ್ರ ರೊಟ್ಟಿ ಒಂದು ಸುತ್ತಿಗೆ 9 ಪೆಟ್ಟು. ಮಂದಿ ಹಿಡಿಕಿ ತಿರುವೂದು ಸಾಮಾನ್ಯ ಸೆಕೆಂಡಿಗೆ ಒಂದು ಸುತ್ತು, ಮೂರು ಉಬ್ಬು ಇದ್ರ ಸೆಕೆಂಡಿಗೆ ಮೂರು ಪೆಟ್ಟು ಬೀಳ್ತಾವ, ಅದು ಖರೇ ರೊಟ್ಟಿ ಬಡಿಯೋ ಲಯಕ್ಕ ಹತ್ರ. ನೀವು ಮೂರು ಉಬ್ಬು ಇಟ್ಟದ್ದು ಸರೀನ ಐತ್ರಿ, ನಾಕು ಇಟ್ಟಿದ್ರ ಬಡಿಬಡಿ ಆಗ್ತಿತ್ತು. ದೊಡ್ಡ ಕ್ಯಾಮು ಮಾತ್ರ ಆ ತಟ್ಟಿಗೆ ತಾಗದಂಗ ನಡುವಿನಿಂದ 50 ಮಿಲಿಮೀಟರ್ ಎಡಕ್ಕ ಇರಲಿ, ಅಲ್ಲಿಂದ ನೇರ ಮ್ಯಾಲ ಅವ್ವನ ಭುಜ ಬರೂ ಹಂಗ ಅವ್ವನ್ನ ಕೂಡ್ರಸ್ರಿ.

ತಟ್ಟಿ ಜಾರಿ ತಿರುಗದಿದ್ರ ಸಣ್ಣ ಗಾಲಿಗೆ ಸೈಕಲ್ ಟ್ಯೂಬಿನ ಒಂದು ತೆಳು ರಿಂಗ್ ಕತ್ತರಿಸಿ ತೊಡಸ್ರಿ, ತಟ್ಟಿ ಮ್ಯಾಲ ಕಬ್ಬಿಣದ ವಾಷರ್ ಒಂದೆರಡು ಅಂಟಿಸಿ ತೂಕ ಕೊಡ್ರಿ. ಒಂದ ಬಾಜೂಕ ಗಾಲಿ ಎತ್ತೂದರಿಂದ ಈ ಕಡ್ಡಿನೂ ಓರೆ ಆಗಾಕ ನೋಡತೈತಿ, ಅದಕ್ಕ ಇಲ್ಲೂ ತೂತಿನ ಉದ್ದ 40 ಮಿಲಿಮೀಟರ್ ಬೇಕ ಬೇಕು. ಕೈ ತಾನಾಗಿ ಬಿದ್ದು ತಪ್ ಅನಬೇಕಂದ್ರ ಕ್ಯಾಮಿನ ಮ್ಯಾಲಿನ ಪಟ್ಟಿ ತುದಿಗೂ ಒಂದು ವಾಷರ್ ಹಚ್ರಿ, ತೂಕ ತೋಳಿಗೆ ಹಾಕಬ್ಯಾಡ್ರಿ. ಅಂಗೈ ಬೀಳೋ ಜಾಗಾದಾಗ ರೊಟ್ಟಿ ತಟ್ಟಿ 3 ಮಿಲಿಮೀಟರ್ ತೆಳು ಇದ್ರ ಸಪ್ಪಳ ಡಬ್ಬಿ ಒಳಗ ತುಂಬಿ ಬರ್ತೈತಿ, ಡಬ್ಬಿ ಹಿಂದ ಮುಚ್ಚಬ್ಯಾಡ್ರಿ, ಮೆಕ್ಯಾನಿಸಂ ಕಾಣಲಿ, ಮಕ್ಕಳು ಮೊದಲು ನೋಡೂದು ಅದನ್ನ.

ಎಡಗೈ ಆಡಿಸಬೇಕಾ? ಬ್ಯಾಡಂತೀನಿ. ಎಡಗೈ ರೊಟ್ಟಿ ಅಂಚಿಗೆ ತಾಗಿದಂಗ ಸುಮ್ಮ ಇರಲಿ, ರೊಟ್ಟಿ ತಿರುಗಿದಾಗ ನೋಡವರ ಕಣ್ಣು ಎಡಗೈನ ತಿರುವಾಕತ್ತೈತಿ ಅಂತ ನಂಬತೈತಿ. ಟಿಪ್ಪು ಸುಲ್ತಾನನ ಕಟಗಿ ಹುಲಿ ಕೇಳಿರಬೇಕು ನೀವು, 1799ರಾಗ ಶ್ರೀರಂಗಪಟ್ಟಣ ಬಿದ್ದಮ್ಯಾಲ ಇಂಗ್ಲೆಂಡಿಗೆ ಹೋತು, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂದಾಗ ಐತಿ. ಬಿದ್ದ ಯುರೋಪಿಯನ್ ಮನುಷ್ಯಾನ ಮ್ಯಾಲ ಹುಲಿ ಎರಗೈತಿ, ಬಾಜೂಕ ಹಿಡಿಕಿ. ಅಷ್ಟು ದೊಡ್ಡ ಗೊಂಬಿಯಾಗ ಹಿಡಿಕಿ ತಿರುವಿದ್ರ ಅಲುಗಾಡೂದು ಆ ಮನುಷ್ಯಾನ ಒಂದ ಕೈ, ಹುಲಿ ಕಾಲು ಎತ್ತೂದಿಲ್ಲ. ಉಳದದ್ದೆಲ್ಲಾ ಒಳಗಿನ ತಿದಿ ಕೊಳವಿ ಮಾಡ್ತಾವ, ಮನುಷ್ಯಾನ ನರಳಾಟ, ಹುಲಿ ಗುರ್ ಅನ್ನೂದು. ಒಂದ ಚಲನೆ, ಅದಕ್ಕ ಸಪ್ಪಳದ ಜೋಡಿ. ನಿಮ್ಮ ಅವ್ವಗೂ ಒಂದು ಕೈ, ಒಂದು ರೊಟ್ಟಿ, ಒಂದು ತಪ್ ತಪ್ ಸಾಕ್ರಿ. ತಲಿ ಅಲುಗಾಡಸೂದು, ಕಣ್ಣು ಮಿಟಕಸೂದು ಅಂತ ಸೇರಿಸ್ಕೋತ ಹೋದ್ರ ಪ್ರತಿಯೊಂದೂ ಹಿಡಿಕಿ ಮ್ಯಾಲ ಭಾರ.

ಲೇತ್ ಇಲ್ಲದ ಗಾಲಿ ಗುಂಡಗ ಮಾಡೂದು ಹೆಂಗ ಅಂದ್ರ, ಕೋಪಿಂಗ್ ಸಾದಿಂದ ಸುಮಾರಾಗಿ ಗುಂಡಗ ಕೊರದು, ನಡುವ ಬೋಲ್ಟು ನಟ್ಟು ಬಿಗಿದು, ಬೋಲ್ಟಿನ ತುದಿ ಡ್ರಿಲ್ ಮಷೀನಿಗೆ ಹಿಡಸ್ರಿ, ಡ್ರಿಲ್ಲನ್ನ ಟೇಬಲ್ಲಿಗೆ ಗಟ್ಟಿ ಕ್ಲ್ಯಾಂಪ್ ಮಾಡ್ರಿ, ನಿಧಾನ ತಿರುಗಸಿ 80 ನಂಬರ್ ಪಾಲಿಶ್ ಪೇಪರು ಒಂದು ಚಪ್ಪಟಿ ಕಟಗಿಗೆ ಸುತ್ತಿ ಹಿಡೀರಿ, ಆಮ್ಯಾಲ 120, ಆಮ್ಯಾಲ 220. ಕನ್ನಡಕ ಹಾಕ್ಕೊಳ್ರಿ, ಮೂಗಿಗೆ ಬಟ್ಟಿ ಕಟ್ಕೊಳ್ರಿ, ಪ್ಲೈವುಡ್ ಧೂಳು ಎದಿಗೆ ಚೊಲೋ ಅಲ್ಲ. ನಿಮ್ಮ ಮಗ್ಗಲದ ಲಕ್ಕುಂಡಿ ಗುಡಿ ಕಂಬ ಕಲ್ಲಿನ್ಯಾಗ ಇದ ಥರ ತಿರುಗಸಿ ನುಣ್ಣಗ ಮಾಡಿದ್ದು, ಅವನ್ನ ಕೈಯಿಂದ ಮುಟ್ಟಿ ನೋಡಿದಾಗೆಲ್ಲಾ ನನಗ ಆ ಮಂದಿ ಕೈಯಾಗಿನ ತಾಳ್ಮಿ ನೆನಪಾಗ್ತೈತಿ.

ಇನ್ನೊಂದು, ಕಟಗಿ ಮುಟ್ಟೂದಕ್ಕಿಂತ ಮೊದಲು ರಟ್ಟಿನ್ಯಾಗ ಮಾಡ್ರಿ. ಹಳೇ ಮದುವಿ ಆಮಂತ್ರಣ ಪತ್ರ ನಿಮ್ಮ ಮನ್ಯಾಗೂ ಒಂದು ಕಟ್ಟು ಇದ್ದೇ ಇರ್ತಾವ, ದಪ್ಪ ಇರ್ತಾವ, ಕ್ಯಾಮು ಪಟ್ಟಿ ತೋಳು ಅದರಾಗ ಕತ್ತರಿಸಿ ಬೂಟಿನ ಡಬ್ಬಿ ಮ್ಯಾಲ ಪಿನ್ನು ಚುಚ್ಚಿ ಆಡಿಸಿ ನೋಡ್ರಿ. ಅರ್ಧ ತಾಸಿನ್ಯಾಗ ಗೊತ್ತಾಗ್ತೈತಿ ತಂತಿ 12 ಮಿಲಿಮೀಟರಿಗೆ ಇರಬೇಕೋ 15ಕ್ಕೋ ಅಂತ, ಕಟಗಿಯಾಗ ಅದ ಗೊತ್ತಾಗಾಕ ಎರಡು ರವಿವಾರ ಹೋಗ್ತಾವ. ಆಮ್ಯಾಲ ಕಟಗಿಯಾಗ ಬರೇ ಡಬ್ಬಿ, ಶಾಫ್ಟು, ಕ್ಯಾಮು, ಪಟ್ಟಿ ಅಷ್ಟ ಮಾಡಿ, ಅವ್ವ ಇಲ್ಲದನ ನೂರು ಸುತ್ತು ತಿರುವ್ರಿ. ತಿರುವುವಾಗ ಹಿಡಿಕಿ ಸಣ್ಣದಿರಲಿ, ಶಾಫ್ಟಿನಿಂದ 25 ಮಿಲಿಮೀಟರ್ ಸಾಕು. ಹಿಡಿಕಿ ಉದ್ದ ಇದ್ರ ಬಲ ಜಾಸ್ತಿ ಸಿಕ್ಕು, ಎಲ್ಲಿ ಕಚ್ಚಾಕತ್ತೈತಿ ಅಂತ ಕೈಗೆ ತಿಳಿಯೂದ ಇಲ್ಲ, ಒಳಗ ಏನೋ ಮುರದ ಮ್ಯಾಲ ತಿಳೀತೈತಿ. ಸಣ್ಣ ಹಿಡಿಕಿಯಾಗ ಎರಡು ಬೆರಳಿನಿಂದ ತಿರುಗಿತಂದ್ರ ಆಮ್ಯಾಲ 50 ಇಲ್ಲಾ 60 ಮಿಲಿಮೀಟರಿನ ಹಿಡಿಕಿ ಹಚ್ರಿ, ಖಾದಿ ಕೇಂದ್ರದಾಗ ಚರಕ ತಿರುವೂ ಹೆಣ್ಣಮಕ್ಕಳ ಕೈ ನೋಡಿದ್ರ ಗೊತ್ತಾಗ್ತೈತಿ, ಸರಿಯಾದ ಹಿಡಿಕಿಗೆ ಮಣಿಕಟ್ಟು ಸಾಕು, ಭುಜ ಬೇಕಾಗೂದಿಲ್ಲ.

ಬಣ್ಣ ಬಿಡಿಬಿಡಿಯಾಗಿ ಇದ್ದಾಗನ ಹಚ್ರಿ, ಕೂಡಿಸಿದ ಮ್ಯಾಲ ಅಲ್ಲ. ಅಕ್ರಿಲಿಕ್ ನಡೀತೈತಿ. ಕಲಘಟಗಿ ತೊಟ್ಟಲದಂಗ ಅರಗಿನ ಬಣ್ಣ ಮಾಡಬೇಕಂದ್ರ ಅದು ಬ್ಯಾರೆ ವಿದ್ಯೆ, ಅವರ ಹತ್ರನ ಕಲೀಬೇಕು. ಕ್ಯಾಮಿನ ಅಂಚಿಗೆ, ತೂತಿನ ಒಳಗ, ಪಟ್ಟಿ ಹೊಟ್ಟಿಗೆ ಬಣ್ಣನೂ ವಾರ್ನಿಶ್‌ನೂ ಒಂದು ಹನಿ ಬೀಳಬಾರದು, ಮಳಿಗಾಲದಾಗ ಅದು ಅಂಟಾಗಿ ಹಿಡೀತೈತಿ. ಅವ್ವಗ ಇಳಕಲ್ ಸೀರಿ ಕೆಂಪು ಸೆರಗು ಬರೀರಿ, ಮತ್ತ ಬಲಗೈ ಅಂಗೈಗೆ ಬಿಳಿ ಬಣ್ಣ ಒಣ ಬ್ರಶ್ಶಿನಿಂದ ಹಗುರಾಗಿ ತಿಕ್ರಿ, ಜೋಳದ ಹಿಟ್ಟು ಹತ್ತಿದಂಗ ಕಾಣತೈತಿ.

ಈ ರವಿವಾರ ಹೊಸಾದ್ದು ಏನೂ ಕೊರೀಬ್ಯಾಡ್ರಿ. ಹಳೇ ಡಬ್ಬಿ ಬಿಚ್ಚಿ, ಕಡ್ಡಿ ತೆಗದು ಒಂದು ಸಲ, ಹಾಕಿ ಹತ್ತು ಸಲ ತಿರುವಿ, ಪೆನ್ಸಿಲ್ ಗೆರಿ ಎಲ್ಲಿ ಬಿದ್ದುವು ಅಂತ ಬರದು ಕಳಸ್ರಿ, ಹೊಸ ಕ್ಯಾಮಿನ ಅಳತಿ ಅದನ್ನ ನೋಡಿಕೊಂಡ ಹೇಳ್ತೀನಿ.